ಬಡವರ ಬದುಕು ನಮ್ಮ ರಫ್ ನೋಟ್‌ಬುಕ್ ಅಲ್ಲ

ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗನನ್ನು ಮೊದಲ ದಿನವೇ ಕ್ಯಾಷ್ ಕೌಂಟರಿನಲ್ಲಿ ಒಬ್ಬನೇ ಕೂರಿಸುವುದಿಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ಬೆಸ್ಟ್ ಬಸ್ಸಿನ ಸ್ಟೀರಿಂಗ್ ಕೊಡುವುದಿಲ್ಲ. ನಮ್ಮ ಉಡುಪಿ ಹೋಟೆಲುಗಳಲ್ಲಿ ಊರಿಂದ ಬಂದ ಹುಡುಗನಿಗೆ ಮೊದಲು ಟೇಬಲ್ ಒರೆಸುವ ಕೆಲಸ. ದೋಸೆ ಕಾವಲಿಯ ಹತ್ತಿರ ಬಿಡುವುದು ಎಷ್ಟೋ ತಿಂಗಳಾದ ಮೇಲೆ. ಆದರೆ ಎಂಎಸ್‌ಡಬ್ಲ್ಯೂ ಸೇರಿ ಒಂದು ತಿಂಗಳೂ ಆಗಿರದ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಗಂಡನ ಹೊಡೆತ ತಿಂದ ಹೆಂಗಸಿನ ಎದುರು ಕೂರಿಸಿ "ಮಾತಾಡಿಸು" ಅನ್ನುತ್ತೇವೆ. ಎಡವಿದರೆ? "ಫೀಲ್ಡಿನಲ್ಲೇ ಕಲೀತಾಳೆ ಬಿಡಿ."

ಕಲೀತಾಳೆ, ಸರಿ. ಯಾರ ಖರ್ಚಿನಲ್ಲಿ?

ಬಿಕಾಂ ಓದಿ ಬ್ಯಾಂಕು ಸೇರಿದವನಿಗೆ ಸಮಾಜಕಾರ್ಯ ಕಾಲೇಜಿನ ಉಸಾಬರಿ ಯಾಕೆ ಅಂತ ಕೇಳುವವರು ಕೇಳಲಿ. ಎರಡು ಕಾರಣ ಇದೆ. ಒಂದು, ನನ್ನ ತಂಗಿಯ ಮಗಳು ಇದೇ ಮುಂಬಯಿಯಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆ. ಅವಳ ಫೀಲ್ಡ್‌ವರ್ಕ್ ಕತೆಗಳನ್ನು ಭಾನುವಾರದ ಊಟದ ಜೊತೆ ಕೇಳುತ್ತಾ ಬಂದಿದ್ದೇನೆ. ಇನ್ನೊಂದು, ಮೂವತ್ತು ವರ್ಷ ಕೌಂಟರಿನ ಈಚೆ ಕೂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕಷ್ಟ ಹೇಳಿಕೊಳ್ಳಲು ಬಂದವರ ಎದುರು ಕೂತು ನಿಜವಾಗಿ ಕೇಳಿಸಿಕೊಳ್ಳುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಲೆಕ್ಕಪತ್ರ ಕಲಿತ ಹಾಗೆಯೇ ಕಲಿಯಬೇಕು.

ನನ್ನ ವಾದ ಇಷ್ಟೇ, ಮೊದಲೇ ಹೇಳಿಬಿಡುತ್ತೇನೆ. ಸಮಾಜಕಾರ್ಯ ಕಲಿಯುವವರಿಗೆ 'ಮೈಂಡ್‌ಫುಲ್‌ನೆಸ್' ಕಲಿಸಲೇಬೇಕು. ಆದರೆ ಚಾಪೆ ಹಾಸಿ, ಕಣ್ಣು ಮುಚ್ಚಿಸಿ, ಮೊಬೈಲಿನಲ್ಲಿ ಕೊಳಲು ಹಾಕಿ ಕಲಿಸಿದರೆ ಪ್ರಯೋಜನ ಕಡಿಮೆ. ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ ಕಲಿಸಬೇಕು. ಮತ್ತು ಮೊದಮೊದಲು ಆ ಮನುಷ್ಯ ನಟನಾಗಿರಬೇಕು, ನಿಜವಾಗಿ ನೊಂದವನಾಗಿರಬಾರದು.

ಮೈಂಡ್‌ಫುಲ್‌ನೆಸ್ ಅಂದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ, ಇನ್ನು ಕೆಲವರು ಕೈ ಮುಗಿಯುತ್ತಾರೆ. ಎರಡೂ ಬೇಡ. ಅದರ ಮೂಲ ಪಾಲಿಯ 'ಸತಿ', ನಮ್ಮ ಸಂಸ್ಕೃತದ 'ಸ್ಮೃತಿ'ಯ ಪಾಲಿ ರೂಪ. 1881ರಲ್ಲಿ ರೀಸ್ ಡೇವಿಡ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ಬೌದ್ಧ ಸುತ್ತಗಳನ್ನು ಅನುವಾದಿಸುವಾಗ ಅದಕ್ಕೆ ಈ ಇಂಗ್ಲಿಷ್ ಪದ ಬಳಸಿದರು. 1979ರಲ್ಲಿ ಅಮೆರಿಕದ ಜಾನ್ ಕಬಟ್-ಝಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬಹುಕಾಲದ ನೋವಿನಿಂದ ನರಳುವವರಿಗೆ ತರಬೇತಿ ಶುರು ಮಾಡಿದರು. ಎಂಟು ವಾರದ ಆ ತರಬೇತಿಯಿಂದಲೇ ಈ ಪದ ಆಸ್ಪತ್ರೆ, ಶಾಲೆ, ಕಂಪನಿಗಳಿಗೆಲ್ಲ ಹಬ್ಬಿತು. ನನ್ನ ಮಟ್ಟಿಗೆ ಅದರ ಹತ್ತಿರದ ಕನ್ನಡ ಪದ 'ನಿಗಾ'. ಒಲೆ ಮೇಲೆ ಹಾಲಿಟ್ಟು "ನಿಗಾ ಇರ್ಲಿ ಮಗಾ" ಅನ್ನುತ್ತಿದ್ದರಲ್ಲ ಅಜ್ಜಿ, ಅದೇ ನಿಗಾ. ಹಾಲನ್ನು ದಿಟ್ಟಿಸಿ ಹೆದರಿಸುವುದೂ ಅಲ್ಲ, ಕಿಟಕಿಯಾಚೆ ನೋಡುತ್ತಾ ನಿಲ್ಲುವುದೂ ಅಲ್ಲ.

ಸಮಾಜಕಾರ್ಯದವರಿಗೆ ಬೇಕಾದದ್ದು ಎರಡು ಒಲೆಯ ನಿಗಾ. ಒಂದು, ಎದುರಿಗಿರುವವರ ಮೇಲೆ: ಮಾತು, ಮೌನ, ಕೈಬೆರಳು, ಬಾಗಿಲ ಕಡೆ ಹೋಗುವ ಕಣ್ಣು. ಇನ್ನೊಂದು, ತನ್ನದೇ ಒಳಗಿನ ಕುದಿತದ ಮೇಲೆ. "ಛೆ, ಈಕೆ ಯಾಕೆ ಇನ್ನೂ ಆ ಗಂಡನ ಜೊತೆ ಇದ್ದಾಳೆ" ಅನ್ನುವ ತೀರ್ಪು ಹುಟ್ಟುತ್ತದೆ. ಬೇಗ ಒಂದು ಪರಿಹಾರ ಹೇಳಿ ಮುಗಿಸೋಣ ಅನ್ನುವ ಆತುರ ಹುಟ್ಟುತ್ತದೆ. ಕೆಲವೊಮ್ಮೆ ತನ್ನ ಮನೆಯ ಹಳೇ ಗಾಯವೇ ಬಾಯಿ ತೆರೆಯುತ್ತದೆ. ಇವು ಬರುವುದು ತಪ್ಪಲ್ಲ. ಬಂದದ್ದು ಗೊತ್ತಾಗದೆ ಅವುಗಳ ಕೈಗೊಂಬೆಯಾಗಿ ಮಾತಾಡುವುದರಿಂದಲೇ ಎದುರಿನವರಿಗೆ ಏಟಾಗುವುದು.

ಸೊಸೆಯ ಕತೆ ಕೇಳಿ. (ತಂಗಿಯ ಮಗಳು ನಮ್ಮ ಕಡೆ ಸೊಸೆಯೇ ತಾನೆ!) ಅವಳ ಮೊದಲ ಮನೆಭೇಟಿ. ಒಬ್ಬ ಹೆಂಗಸು ಅರ್ಧ ಗಂಟೆ ಅದೂ ಇದೂ ಹೇಳಿ, ಕೊನೆಗೆ ಮೆಲ್ಲಗೆ ಗಂಡ ಹೊಡೆಯುವ ವಿಷಯ ಎತ್ತಿದಳು. ಇವಳು ತಕ್ಷಣ, "ನೀವು ಪೊಲೀಸ್ ಕಂಪ್ಲೇಂಟ್ ಕೊಡಬೇಕು" ಅಂದಳು. ಹೆಂಗಸು ಎದ್ದು ಪಾತ್ರೆ ತೊಳೆಯಲು ಕೂತಳು. ಮುಂದಿನ ವಾರ ಹೋದರೆ ಬಾಗಿಲು ಮುಚ್ಚಿತ್ತು, ಒಳಗೆ ಟಿವಿ ಸದ್ದು ಕೇಳುತ್ತಿತ್ತು. "ಮಾವ, ನಾನು ಹೇಳಿದ್ದು ಸರಿಯೇ ಅಲ್ವಾ?" ಅಂತ ಕೇಳಿದಳು. ಸಲಹೆ ಸರಿ ಇರಬಹುದು ಮಗಾ, ಕಾನೂನಿನ ಪ್ರಕಾರ ನೂರಕ್ಕೆ ನೂರು ಸರಿ. ಆದರೆ ಆ ಹೆಂಗಸು ಆವತ್ತು ಸಲಹೆ ಕೇಳಲು ಬಾಯಿ ತೆರೆದಿರಲಿಲ್ಲ.

ಸೊಸೆಯನ್ನು ನಾನು ದೂರುವುದಿಲ್ಲ. ಅವಳ ಕಾಲೇಜು (ಹೆಸರು ಬೇಡ) ಅದಕ್ಕೆ ಮೊದಲು ಅವಳಿಗೆ ಕೊಟ್ಟದ್ದು ಸಂದರ್ಶನ ಕಲೆಯ ಮೇಲೆ ನಾಲ್ಕು ಉಪನ್ಯಾಸ ಮತ್ತು ಒಂದು ಬೆಳಗಿನ ಪ್ರಾಣಾಯಾಮ. ಈಜಿನ ಬಗ್ಗೆ ಪವರ್‌ಪಾಯಿಂಟ್ ತೋರಿಸಿ ವರ್ಸೋವಾ ಸಮುದ್ರಕ್ಕೆ ತಳ್ಳಿದ ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಮುಳುಗಿದ್ದು ಕಲಿಯುವವಳಲ್ಲ, ಬಾಗಿಲು ಮುಚ್ಚಿಕೊಂಡ ಆ ಹೆಂಗಸು. ಇನ್ನೊಮ್ಮೆ ಯಾರಾದರೂ ಫೈಲು ಹಿಡಿದು ಬಂದರೆ ಅವಳು ಬಾಯಿ ಬಿಡುತ್ತಾಳಾ?

ಹಾಗಾದರೆ ಹೇಗೆ ಕಲಿಸಬೇಕು? ವಿಧಾನ ಈಗಾಗಲೇ ಇದೆ. 1963ರ ಹೊತ್ತಿಗೆ ಲಾಸ್ ಏಂಜಲಿಸ್‌ನಲ್ಲಿ ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ಆರೋಗ್ಯವಾಗಿರುವವರಿಗೇ ರೋಗಿಯ ಲಕ್ಷಣ, ನಡಿಗೆ, ಮಾತು ಎಲ್ಲ ಕಲಿಸಿ ವೈದ್ಯ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಆಗ ಎಷ್ಟೋ ಜನ ನಕ್ಕರು. ಈಗ ಜಗತ್ತಿನ ಎಷ್ಟೋ ವೈದ್ಯಕೀಯ ಕಾಲೇಜುಗಳಲ್ಲಿ ಇದು ಮಾಮೂಲು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಮರಿಯನ್ ಬೋಗೊ ಮತ್ತು ಸಂಗಡಿಗರು ಇದನ್ನು ಸಮಾಜಕಾರ್ಯದ ಪಾಠಕ್ಕೆ ಒಗ್ಗಿಸಿದರು. ನಮ್ಮಲ್ಲೂ ಹಲವು ಕಾಲೇಜುಗಳ ಪಠ್ಯದಲ್ಲಿ 'ಸ್ಕಿಲ್ ಲ್ಯಾಬ್' ಅಂತ ಒಂದು ಸಾಲು ಇರುತ್ತದೆ. ಸಾಲು ಇದ್ದರೆ ಸಾಲದು, ತರಗತಿ ನಡೆಯಬೇಕು.

ಅಂಥ ಅಣಕು ಸಂದರ್ಶನಕ್ಕೆ ದೊಡ್ಡ ಖರ್ಚೇನೂ ಬೇಡ. ಎರಡು ಕುರ್ಚಿ, ತಯಾರಾದ ಒಬ್ಬ ನಟಿ, ಒಂದು ಪುಟದ ಕೇಸು. ವಿದ್ಯಾರ್ಥಿನಿ ಒಳಗೆ ಬರುವ ಮೊದಲು ಅರ್ಧ ನಿಮಿಷ ನಿಲ್ಲುತ್ತಾಳೆ. ಕಾಲು ನೆಲದ ಮೇಲಿದೆಯಾ, ಉಸಿರು ಎಲ್ಲಿದೆ, ಮನಸ್ಸಿನಲ್ಲಿ ಏನು ಓಡುತ್ತಿದೆ, ಅಷ್ಟು ನೋಡಿಕೊಂಡು ಕೂರುತ್ತಾಳೆ. ಹದಿನೈದು ನಿಮಿಷದ ಮಾತುಕತೆ. ನಡುವೆ ಮೇಷ್ಟ್ರು "ನಿಲ್ಲಿಸಿ" ಅನ್ನುತ್ತಾರೆ. "ಈಗ ನಿನ್ನ ಒಳಗೆ ಏನಾಗ್ತಿದೆ?" "ಗಂಟಲು ಒಣಗಿದೆ ಸಾರ್, ಏನಾದ್ರೂ ಹೇಳ್ಬೇಕು ಅನ್ನಿಸ್ತಿದೆ." "ಯಾರಿಗೋಸ್ಕರ? ಅವರಿಗೋಸ್ಕರವೋ, ಈ ಮೌನ ನಿನಗೆ ತಡೆಯೋಕೆ ಆಗ್ತಿಲ್ಲ ಅಂತಲೋ?" ಮತ್ತೆ ಮುಂದುವರಿಯುತ್ತದೆ. ಮುಗಿದ ಮೇಲೆ ನಟಿ ಪಾತ್ರದಿಂದ ಹೊರಬಂದು ಹೇಳುತ್ತಾಳೆ: "ನೀವು ಫಾರ್ಮ್ ಕಡೆ ನೋಡಿದಾಗ ನನಗೆ ಇನ್ನು ಹೇಳುವುದು ಬೇಡ ಅನ್ನಿಸಿತು." ಆಮೇಲೆ ಅದೇ ಕೇಸು, ಅದೇ ಕುರ್ಚಿ, ಇನ್ನೊಮ್ಮೆ.

ಕೊನೆಯ ಆ ಮಾತನ್ನು ಗಮನಿಸಿ. ಗೋವಂಡಿಯ ಆ ಹೆಂಗಸು, ಧಾರಾವಿಯ ಆ ಮುದುಕ, ಯಾವತ್ತಾದರೂ ವಿದ್ಯಾರ್ಥಿಗೆ "ನಿಮ್ಮಿಂದ ನನಗೆ ನೋವಾಯಿತು" ಅಂತ ಹೇಳುತ್ತಾರಾ? ಹೇಳುವುದಿಲ್ಲ. "ಆಯ್ತು ಮೇಡಂ" ಅಂತ ತಲೆ ಆಡಿಸಿ, ಮುಂದಿನ ವಾರ ಮನೆಯಲ್ಲಿ ಇರುವುದಿಲ್ಲ. ಬಡವರು ನಮ್ಮ ಮುಖದ ಮೇಲೆ ನಿಜ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆ ನಿಜವನ್ನು ಹೇಳಬಲ್ಲವಳು ಸಂಬಳ ತೆಗೆದುಕೊಂಡ ನಟಿ ಮಾತ್ರ. ಫೀಲ್ಡಿನಲ್ಲಿ ಸಿಗದ ಪಾಠ ಇದು, ಅದಕ್ಕೇ ಮೊದಲು ಇಲ್ಲಿ ಕಲಿಯಬೇಕು ಅನ್ನುವುದು.

"ನಾಟಕ ಬೇರೆ, ಬದುಕು ಬೇರೆ" ಅನ್ನುವ ಹಿರಿಯರಿದ್ದಾರೆ. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ. ಈ ದೇಶದ ಮೊದಲ ಸಮಾಜಕಾರ್ಯ ಶಾಲೆ ಹುಟ್ಟಿದ್ದು ಇದೇ ಊರಿನಲ್ಲಿ, 1936ರಲ್ಲಿ, ಕ್ಲಿಫರ್ಡ್ ಮ್ಯಾನ್ಶರ್ಡ್ ಅವರ ನೇತೃತ್ವದಲ್ಲಿ, ನಾಗಪಾಡಾದ ಗಲ್ಲಿಗಳ ನಡುವೆ. ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಬಾಗಿಲು ತೆರೆದರೆ ಫೀಲ್ಡು. ವಾರಕ್ಕೆ ಎರಡು ದಿನ ಬಸ್ತಿ, ಆಸ್ಪತ್ರೆ, ಬಾಲಗೃಹ ಅಂತ ಓಡಾಡಿಸುವ ಪದ್ಧತಿಯಿಂದ ಒಳ್ಳೊಳ್ಳೆಯವರು ತಯಾರಾಗಿದ್ದಾರೆ. ಅದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮುಂಚೆ ಒಂದು ಮೆಟ್ಟಿಲು ಇಡಿ ಅನ್ನುತ್ತಿದ್ದೇನೆ.

ಇನ್ನು 'ನಾಟಕ' ಅನ್ನುವ ತಾತ್ಸಾರದ ಮಾತು. ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ನಮಗೆ ಈ ತಾತ್ಸಾರ ಒಪ್ಪುವುದೇ ಇಲ್ಲ. ತಾಳಮದ್ದಲೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಎದುರೆದುರು ಕೂತ ಅರ್ಥಧಾರಿಗಳು ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಮನೆಯಲ್ಲೇ ಮಾತು ಉರು ಹೊಡೆದು ಬಂದ ಅರ್ಥಧಾರಿ ಯಾರೆಂದು ಹತ್ತು ನಿಮಿಷದಲ್ಲಿ ಸಭೆಗೆ ಗೊತ್ತಾಗುತ್ತದೆ. ಎದುರಿನವನು ಏನು ಹೇಳಿದ ಅನ್ನುವುದು ಅವನ ಕಿವಿಗೆ ಬಿದ್ದೇ ಇರುವುದಿಲ್ಲ. ಒಳ್ಳೆಯ ಅರ್ಥಧಾರಿ ಮೊದಲು ಕೇಳುತ್ತಾನೆ, ಆಮೇಲೆ ಆಡುತ್ತಾನೆ. ಎದುರಿಗೆ ಕೂತವನು ನಿಜವಾದ ಕರ್ಣನಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಕೇಳುವ ಸಭೆಯ ಕಣ್ಣಲ್ಲಿ ಬರುವ ನೀರು ನಿಜವೇ. ಪಾತ್ರ ಸುಳ್ಳಾದರೂ ಕೇಳುವ ಕಸರತ್ತು ಸುಳ್ಳಾಗುವುದಿಲ್ಲ.

ಇನ್ನೊಂದು ಗುಂಪು ಧ್ಯಾನದವರದು. "ಇಷ್ಟೆಲ್ಲ ಯಾಕ್ರೀ, ಇಗತಪುರಿಗೆ ಹತ್ತು ದಿನ ಕಳಿಸಿ, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಗೋಯೆಂಕಾ ಗುರೂಜಿ 1969ರಲ್ಲಿ ಬರ್ಮಾದಿಂದ ಬಂದು ಕಲಿಸಿದ ವಿಪಶ್ಯನದ ಬಗ್ಗೆ ನನಗೆ ಗೌರವ ಇದೆ. ಆದರೆ ಅಲ್ಲಿ ಹತ್ತು ದಿನ ಮೌನ. ಯಾರನ್ನೂ ನೋಡಬಾರದು, ಯಾರ ಜೊತೆಗೂ ಮಾತಾಡಬಾರದು. ತನ್ನ ಉಸಿರಿನ ಜೊತೆ ಒಬ್ಬನೇ ಕೂರುವುದು ಒಂದು ವಿದ್ಯೆ. ಅಳುತ್ತಿರುವ ಇನ್ನೊಬ್ಬರ ಎದುರು, ಹಿಂದೆ ಮಗು ಚೀರುತ್ತಿರುವಾಗ, ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿರುವಾಗ ಅದೇ ನಿಗಾ ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ಮೊದಲನೆಯದು ಬಂದವರಿಗೆ ಎರಡನೆಯದು ತಾನಾಗಿ ಬರುತ್ತದೆ ಅಂತ ನಂಬಲು ನನಗೆ ಕಾರಣ ಕಾಣುವುದಿಲ್ಲ. ಧ್ಯಾನ ಮುಗಿಸಿ ಬಂದು ಸೊಸೆಯ ಮೇಲೆ ರೇಗುವ ಅತ್ತೆಯರನ್ನು ನಾವೆಲ್ಲ ನೋಡಿಲ್ಲವೇ?

ಎಲ್ಲರಿಗೂ ಸಾರಾಸಗಟಾಗಿ ಹಂಚಿದರೆ ಆಗುತ್ತದೆ ಅನ್ನುವವರಿಗೆ ಬ್ರಿಟನ್ನಿನ ಉದಾಹರಣೆ ಇದೆ. ಆಕ್ಸ್‌ಫರ್ಡಿನವರ ನೇತೃತ್ವದಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಮೈಂಡ್‌ಫುಲ್‌ನೆಸ್ ಪಾಠ ಕೇಳಿದ ಮಕ್ಕಳ ಮಾನಸಿಕ ಆರೋಗ್ಯ, ಶಾಲೆಯ ಮಾಮೂಲಿ ಪಾಠ ಕೇಳಿದವರಿಗಿಂತ ಉತ್ತಮವಾಗಲಿಲ್ಲ. ಅವರು ಹದಿಹರೆಯಕ್ಕೆ ಕಾಲಿಡುವ ಮಕ್ಕಳು, ನಮ್ಮ ವಿದ್ಯಾರ್ಥಿಗಳು ದೊಡ್ಡವರು, ವ್ಯತ್ಯಾಸ ಇದೆ, ಒಪ್ಪಿದೆ. ಆದರೂ ಯಾವ ಕೆಲಸಕ್ಕೆ ಅಂತ ಹೇಳದೆ ಎಲ್ಲರಿಗೂ ಒಂದೇ ಕಷಾಯ ಕುಡಿಸುವವರು ಸ್ವಲ್ಪ ನಿಂತು ಯೋಚಿಸಬೇಕು.

ಮೂರನೇ ಗುಂಪಿನವರ ಮಾತು ಹೆಚ್ಚು ಖಾರವಾಗಿದೆ, ಹೆಚ್ಚು ನಿಜವೂ ಆಗಿದೆ. "ಇದೆಲ್ಲ ಕೆಲಸಗಾರರ ಬಾಯಿ ಮುಚ್ಚಿಸುವ ಉಪಾಯ. ಸಂಬಳ ಕಡಿಮೆ, ಕೇಸು ಜಾಸ್ತಿ, ಗುತ್ತಿಗೆ ನೌಕರಿ. ಸುಸ್ತಾದರೆ ಉಸಿರು ಗಮನಿಸು ಅನ್ನುತ್ತಾರೆ." ಇದನ್ನು ಒಪ್ಪಲು ನನಗೆ ಪುಸ್ತಕ ಓದಬೇಕಿಲ್ಲ. ಒಂದು ಬ್ಯಾಂಕಿನಲ್ಲಿ (ಇದಕ್ಕೂ ಹೆಸರು ಬೇಡ) ನಮ್ಮ ಎರಡನೇ ಶನಿವಾರದ ರಜೆ ತಿಂದು ಹೋಟೆಲಿನಲ್ಲಿ ಒತ್ತಡ ನಿವಾರಣೆಯ ಶಿಬಿರ ಮಾಡಿದರು. ಒಣದ್ರಾಕ್ಷಿ ಒಂದನ್ನು ಐದು ನಿಮಿಷ ಅಗಿಸಿದರು. ಸೋಮವಾರ ಬೆಳಿಗ್ಗೆ ಇನ್ಶೂರೆನ್ಸ್ ಟಾರ್ಗೆಟ್ಟಿನ ಮೇಲ್ ಬಂತು, ಹಿಂದಿನ ತಿಂಗಳಿಗಿಂತ ದುಪ್ಪಟ್ಟು. 2024ರಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಎಂಬ ಸಂಶೋಧಕರು ಬ್ರಿಟನ್ನಿನ 46,000ಕ್ಕೂ ಹೆಚ್ಚು ನೌಕರರ ಮಾಹಿತಿ ನೋಡಿ ಹೇಳಿದ್ದೂ ಇದನ್ನೇ. ಇಂಥ ಶಿಬಿರ, ಆಪ್‌ಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಸುಖವಾಗಿ ಏನೂ ಇರಲಿಲ್ಲ.

ಅದಕ್ಕೇ ನಾನು ಹೇಳುವುದು, ಈ ಪಾಠದ ಗುರಿ ಯಾವುದು ಅನ್ನುವುದು ಮೊದಲು ತೀರ್ಮಾನವಾಗಬೇಕು. ವಿದ್ಯಾರ್ಥಿ ಶಾಂತವಾಗಿರಲಿ, ದೂರು ಹೇಳದೆ ದುಡಿಯಲಿ ಅಂತ ಕಲಿಸುವುದಾದರೆ ದಯವಿಟ್ಟು ಕಲಿಸಬೇಡಿ. ಎದುರಿಗಿರುವ ವ್ಯಕ್ತಿಗೆ ನಮ್ಮಿಂದ ಏಟಾಗದಿರಲಿ ಅಂತ ಕಲಿಸಿ. ನಿಗಾ ಕಲಿತವರು ಸುಮ್ಮನೆ ಕೂರುವುದಿಲ್ಲ. ಎಪ್ಪತ್ತು ಮನೆಗೆ ಒಬ್ಬಳನ್ನೇ ಓಡಿಸಿದಾಗ ತನ್ನ ಕಿವಿ ಮಂಕಾಗುತ್ತಿದೆ ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ, ಮತ್ತು ಅದನ್ನು ಮೇಲಿನವರಿಗೆ ಹೇಳುತ್ತಾರೆ. ಎದುರಿನ ಮುದುಕಿಗೆ ಬೇಕಾದದ್ದು ಸಾಂತ್ವನವಲ್ಲ, ನಿಂತುಹೋದ ರೇಷನ್ ಅನ್ನುವುದೂ ಅವರ ಕಣ್ಣಿಗೇ ಮೊದಲು ಬೀಳುತ್ತದೆ.

ಮೌನದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಕ್ಕಳ ಸಹಾಯವಾಣಿ 1098 ಶುರುವಾದದ್ದು 1996ರಲ್ಲಿ, ಇದೇ ಮುಂಬಯಿಯಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ತನ್ನ ವ್ಯವಸ್ಥೆಗೆ ಸೇರಿಸಿಕೊಂಡಿತು. ಅವರ ಲೆಕ್ಕದಲ್ಲಿ 'ಮೌನ ಕರೆ' ಅಂತಲೇ ಒಂದು ವಿಭಾಗ ಇತ್ತು. ಫೋನ್ ಬರುತ್ತದೆ, ಆ ಕಡೆ ಯಾರೋ ಇದ್ದಾರೆ, ಮಾತಿಲ್ಲ. ಧೈರ್ಯ ಒಟ್ಟು ಮಾಡಿಕೊಳ್ಳುತ್ತಿರುವ ಮಗು ಇರಬಹುದು. ಫೋನ್ ಎತ್ತಿದವರು "ಹಲೋ, ಹಲೋ, ಯಾರು ಮಾತಾಡ್ತಿರೋದು?" ಅಂತ ಗದರಿದರೆ ಮುಗಿಯಿತು. ಆ ಮೌನದಲ್ಲಿ ಹೇಗಿರಬೇಕು ಅನ್ನುವುದನ್ನು ಯಾವ ಉಪನ್ಯಾಸ ಕಲಿಸುತ್ತದೆ ಹೇಳಿ? ಕೂತು, ಕೇಳಿ, ತಪ್ಪಿ, ಮತ್ತೆ ಕೂತು ಕಲಿಯಬೇಕು. ನಿಜವಾದ ಮಗುವಿನ ಮೇಲೆ ತಪ್ಪಿ ಕಲಿಯಬಾರದು.

ಇಷ್ಟು ಹೇಳಿದ ಮೇಲೆ ಕೆಲವು ಷರತ್ತು ಹಾಕದಿದ್ದರೆ ಬ್ಯಾಂಕಿನವನು ಅನ್ನಿಸಿಕೊಳ್ಳುವುದು ಹೇಗೆ?

ಒಂದು, ನಟರಿಗೆ ದುಡ್ಡು ಕೊಡಬೇಕು, ಸರಿಯಾಗಿ ತಯಾರು ಮಾಡಬೇಕು. ಖರ್ಚು ಉಳಿಸಲು ಬಸ್ತಿಯ ಹೆಂಗಸರನ್ನೇ ಕರೆದು ಅವರ ಕಷ್ಟವನ್ನು ತರಗತಿಯಲ್ಲಿ ಪ್ರದರ್ಶನಕ್ಕೆ ಇಡುವುದು ಮೊದಲಿನದಕ್ಕಿಂತ ದೊಡ್ಡ ಪಾಪ.

ಎರಡು, ವಿದ್ಯಾರ್ಥಿಗಳಲ್ಲೂ ಗಾಯ ಇರುವವರಿದ್ದಾರೆ. ತನ್ನ ಮನೆಯಲ್ಲೇ ಕುಡುಕ ಅಪ್ಪನನ್ನು ಕಂಡ ಹುಡುಗನಿಗೆ ಅದೇ ಕೇಸು ಕೊಟ್ಟು ಎಲ್ಲರ ಮುಂದೆ ಕೂರಿಸಬಾರದು. "ನನಗೆ ಇದು ಬೇಡ" ಅನ್ನುವ ಹಕ್ಕು ಇರಬೇಕು. ಅತ್ತರೆ ಅಂಕ ಜಾಸ್ತಿ, ಅಳದಿದ್ದರೆ ಕಡಿಮೆ ಅನ್ನುವ ಹುಚ್ಚೂ ಬೇಡ.

ಮೂರು, ಕಲಿಸುವ ಮೇಷ್ಟ್ರೂ ವರ್ಷಕ್ಕೊಮ್ಮೆ ಆ ಕುರ್ಚಿಯಲ್ಲಿ ಕೂರಬೇಕು, ವಿದ್ಯಾರ್ಥಿಗಳ ಎದುರೇ.

ನಾಲ್ಕು, ಇದು ನಮಗೆ ಸಂಬಂಧಪಟ್ಟದ್ದು: ಭಾಷೆ. ತರಗತಿಯ ಅಣಕು ಸಂದರ್ಶನ ಇಂಗ್ಲಿಷಿನಲ್ಲಿ ನಡೆದು, ಫೀಲ್ಡಿನಲ್ಲಿ ಸಿಗುವವರು ಮರಾಠಿ, ಭೋಜಪುರಿ, ಕನ್ನಡದವರಾದರೆ ಕಲಿತದ್ದು ಅರ್ಧ ಮಾತ್ರ. ಮುಂಬಯಿ, ಪುಣೆಯ ಕೂಲಿ ನಾಕಾಗಳಲ್ಲಿ ಬೆಳಿಗ್ಗೆ ಹೋಗಿ ನಿಂತು ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಕಟ್ಟಡದ ಕೆಲಸದಲ್ಲಿ ಬಿದ್ದು ಆಸ್ಪತ್ರೆ ಸೇರಿದ ಅವರ ಎದುರು ಕೂರುವ ವಿದ್ಯಾರ್ಥಿಗೆ ಅವರ ಮಾತಿನ ಬಿಸಿ ತಣ್ಣಗೆ ಗೊತ್ತಾಗಬೇಡವೇ? "ಏನಿಲ್ರಿ, ಆರಾಮ ಇದೀನ್ರಿ" ಅನ್ನುವುದರಲ್ಲಿ ಎಷ್ಟು ಆರಾಮ, ಎಷ್ಟು ಸಂಕೋಚ ಅಂತ?

ಇಲ್ಲಿಗೇ ನಿಮ್ಮನ್ನು ಕರೆತರಬೇಕಿತ್ತು ನಾನು. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ನಾಟಕ ಆಡುವವರಿದ್ದಾರೆ, ತಾಳಮದ್ದಲೆಯಲ್ಲಿ ಅರ್ಥ ಹೇಳುವವರಿದ್ದಾರೆ, ವಿಆರ್‌ಎಸ್ ತೆಗೆದುಕೊಂಡು ಪೇಪರ್ ಓದುತ್ತಾ ಕೂತ ನನ್ನ ಹಳೇ ಸಹೋದ್ಯೋಗಿಗಳಂತೂ ಬೇಕಾದಷ್ಟಿದ್ದಾರೆ. ಸಮಾಜಸೇವೆ ಅಂದರೆ ಜೂನ್ ತಿಂಗಳಲ್ಲಿ ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವುದು ಅಂತ ಎಷ್ಟು ವರ್ಷ ಅಂದುಕೊಳ್ಳುವುದು? ನಿಮ್ಮ ಹತ್ತಿರದ ಸಮಾಜಕಾರ್ಯ ಕಾಲೇಜಿಗೆ ಒಂದು ಪತ್ರ ಬರೆಯಿರಿ. "ನಾವು ಎಂಟು ಜನ ಇದ್ದೇವೆ, ಕನ್ನಡ, ಮರಾಠಿ, ಹಿಂದಿ ಬರುತ್ತದೆ. ತರಬೇತಿ ಕೊಟ್ಟರೆ ನಿಮ್ಮ ವಿದ್ಯಾರ್ಥಿಗಳ ಎದುರು ಕೂರುತ್ತೇವೆ. ಅವರು ನಮ್ಮ ಮೇಲೆ ತಪ್ಪು ಮಾಡಲಿ, ನಾವು ತಾಳಿಕೊಳ್ಳುತ್ತೇವೆ, ಎಲ್ಲಿ ನೋವಾಯಿತು ಅಂತ ಹೇಳುತ್ತೇವೆ." ಅಷ್ಟು ಸಾಕು. ಜೂನ್‌ನಲ್ಲಿ ಹೊಸ ಬ್ಯಾಚ್ ಬರುವ ಮೊದಲೇ ಬರೆದರೆ ಒಳ್ಳೆಯದು. ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನಂತೂ ಈ ವಿಷಯ ಎತ್ತುವವನಿದ್ದೇನೆ.

ನೀವೇನಂತೀರಿ? ಒಪ್ಪದವರು ಧಾರಾಳವಾಗಿ ಬೈಯಬಹುದು. ಕೇಳಿಸಿಕೊಳ್ಳುವ ಅಭ್ಯಾಸ ನನಗೂ ಆಗಲಿ.